ಪಟ್ಟಿ ಇರುತ್ತೆ, ಹೆಸರು ಇರಲ್ಲ ಅಂದ್ರೆ? ಮಾಹಿತಿ ಹಕ್ಕಿಗೆ ಬಂದ ತಿದ್ದುಪಡಿ ಮತ್ತು ನಮ್ಮ ಐದು ತಾಲೂಕು

ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ ‘ಸರ, ಹೋದ ವರ್ಷ ನಮ್ಮೂರಾಗ ಮನೆ ಮಂಜೂರಾದೋರ ಪಟ್ಟಿ ಕೊಡ್ರಿ’ ಅಂತ ಕೇಳಿದರೆ ಏನು ಉತ್ತರ ಬರುತ್ತೆ ಅನ್ನೋದನ್ನ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ‘ಪಿಡಿಒ ಮೀಟಿಂಗಿಗೆ ಹೋಗ್ಯಾರ’, ‘ಸರ್ವರ್ ಇಲ್ಲ’, ‘ಸೋಮವಾರ ಬರ್ರಿ’. ಇವೆಲ್ಲ ನೆಪ. ನೆಪಕ್ಕೆ ಕಾನೂನಿನ ಬಲ ಇರಲಿಲ್ಲ. ಹಟ ಹಿಡಿದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿದವರಿಗೆ ತಡವಾಗಿಯಾದರೂ ಪಟ್ಟಿ ಸಿಗೋ ದಾರಿ ಇತ್ತು.

ಈಗ ಇನ್ನೊಂದು ಉತ್ತರ ಸೇರಿಕೊಂಡಿದೆ. ‘ಇದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ.’ ಮೊದಲೂ ಕೆಲವು ಕಚೇರಿಗಳು ಹೀಗೆ ಬರೆದು ಕಳಿಸುತ್ತಿದ್ದವು, ಮೇಲ್ಮನವಿಯಲ್ಲಿ ಅದು ಬಿದ್ದುಹೋಗುವ ಸಾಧ್ಯತೆ ಇತ್ತು. 2025ರ ನವೆಂಬರ್‌ನಿಂದ ಹಾಗಲ್ಲ. ಈ ಉತ್ತರಕ್ಕೆ ಕಾಯ್ದೆಯಲ್ಲೇ ಒಂದು ಸಾಲಿನ ಆಧಾರ ಸಿಕ್ಕಿದೆ. ಆ ಸಾಲು ಏನು, ಅದರಿಂದ ಕೂಡ್ಲಿಗಿಯ ಕೂಲಿಕಾರರಿಗೆ, ಕೊಟ್ಟೂರಿನ ಅಂಗಡಿಯವರಿಗೆ, ಹಡಗಲಿಯ ರೈತರಿಗೆ ಏನಾಗುತ್ತೆ, ಅದಿದ್ದರೂ ಕೇಳೋದು ಹೇಗೆ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳೋ ಪ್ರಯತ್ನ ಮಾಡಿದ್ದೇವೆ.

ಬದಲಾಗಿದ್ದು ಒಂದು ಕಲಂ

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು. ಯಾವ ಮಾಹಿತಿ ಕೊಡಬೇಕಾಗಿಲ್ಲ ಅನ್ನೋದನ್ನ ಅದರ ಕಲಂ 8 ಹೇಳುತ್ತೆ. ದೇಶದ ಭದ್ರತೆ, ನಡೀತಿರೋ ತನಿಖೆಗೆ ಅಡ್ಡಿಯಾಗುವಂಥದ್ದು, ವ್ಯಾಪಾರದ ಗುಟ್ಟು ಹೀಗೆ. ಅದರಲ್ಲಿ 8(1)(ಜೆ) ಅನ್ನೋದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು. ಹಳೆಯ ಕಲಂ ಪ್ರಕಾರ ವೈಯಕ್ತಿಕ ಅಂದ ಮಾತ್ರಕ್ಕೆ ಮುಚ್ಚಿಡುವಂತಿರಲಿಲ್ಲ. ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ, ಅಥವಾ ಅದನ್ನ ಕೊಡೋದರಿಂದ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ಆಗೋದಿದ್ದರೆ ಮಾತ್ರ ನಿರಾಕರಿಸಬಹುದಿತ್ತು. ಅಲ್ಲೂ ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬೇಕಿತ್ತು. ಕೊನೆಗೆ ಒಂದು ಒಳ್ಳೆ ಸಾಲೂ ಇತ್ತು: ಸಂಸತ್ತಿಗೋ ವಿಧಾನಸಭೆಗೋ ಕೊಡಲ್ಲ ಅನ್ನೋಕೆ ಆಗದ ಮಾಹಿತಿಯನ್ನ ಸಾಮಾನ್ಯ ಮನುಷ್ಯನಿಗೂ ಕೊಡಲ್ಲ ಅನ್ನೋ ಹಾಗಿಲ್ಲ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿತು. ನಮ್ಮ ಫೋನ್ ನಂಬರು, ಆಧಾರ್ ವಿವರ ಕಂಪನಿಗಳ ಕೈಗೆ ಸಿಕ್ಕು ಹಾಳಾಗಬಾರದು ಅನ್ನೋದು ಅದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಅದರ ಕಲಂ 44(3)ರಲ್ಲಿ ಮಾಹಿತಿ ಹಕ್ಕಿನ 8(1)(ಜೆ)ಯನ್ನ ತಿದ್ದಿದರು. ಷರತ್ತುಗಳೆಲ್ಲ ಹೋದವು. ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಅನ್ನೋದಷ್ಟೇ ಉಳೀತು. ಎರಡು ವರ್ಷ ಕಾಗದದ ಮೇಲೇ ಇದ್ದ ಈ ತಿದ್ದುಪಡಿ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ ಜಾರಿಗೆ ಬಂತು.

ಹೆಸರು ವೈಯಕ್ತಿಕ ಮಾಹಿತಿ ಹೌದೋ ಅಲ್ವೋ? ಹೊಸ ಕಾಯ್ದೆಯ ಅರ್ಥದಲ್ಲಿ, ಒಬ್ಬ ವ್ಯಕ್ತಿಯನ್ನ ಗುರುತಿಸೋಕೆ ಆಗುವ ಯಾವ ವಿವರವಾದರೂ ವೈಯಕ್ತಿಕವೇ. ಹಾಗಾದರೆ ಮನೆ ಪಟ್ಟಿ, ಬೆಳೆ ಪರಿಹಾರದ ಪಟ್ಟಿ, ಖಾತ್ರಿ ಕೆಲಸದ ಎನ್‌ಎಂಆರ್, ಪುರಸಭೆ ಮಳಿಗೆ ಹಿಡಿದವರ ಪಟ್ಟಿ, ಗುತ್ತಿಗೆದಾರರ ಬಿಲ್ಲು ಎಲ್ಲದರಲ್ಲೂ ಇರೋದು ಹೆಸರೇ.

ಸಂಖ್ಯೆ ಸುಳ್ಳು ಹೇಳಿದರೆ ಗೊತ್ತಾಗಲ್ಲ

‘ಪಂಚಾಯಿತಿಗೆ ಇಷ್ಟು ಮನೆ, ಇಷ್ಟು ಲಕ್ಷ ಖರ್ಚು ಅಂತ ಲೆಕ್ಕ ಕೊಟ್ಟರೆ ಸಾಕಲ್ವಾ, ಹೆಸರು ಯಾಕೆ ಬೇಕು?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಯೋಚನೆ ಮಾಡಿ. ‘ಈ ವರ್ಷ ಮೂವತ್ತು ಮನೆ ಕಟ್ಟಲಾಗಿದೆ’ ಅಂತ ಬೋರ್ಡ್ ಬರೆದರೆ ಅದು ಖರೇನೋ ಸುಳ್ಳೋ ಅಂತ ಯಾರು ಹೇಳಬೇಕು? ಆಡಿಟ್ ಮಾಡುವವರು ಹೊಸಪೇಟೆಯಿಂದಲೋ ಬೆಂಗಳೂರಿನಿಂದಲೋ ಬಂದು ಕಾಗದ ನೋಡಿ ಹೋಗ್ತಾರೆ. ಅದೇ ಪಟ್ಟಿಯನ್ನ ಓಣಿಯ ಕಟ್ಟೆ ಮೇಲೆ ಹೆಸರು ಹಿಡಿದು ಓದಿ. ‘ಆಕೆ ಗುಳೆ ಹೋಗಿ ನಾಲ್ಕು ವರ್ಷ ಆತು’, ‘ಆತ ತೀರಿಕೊಂಡ’, ‘ಅವರಿಗೆ ಆರ್‌ಸಿಸಿ ಮನೆ ಮೊದಲೇ ಐತೆಲ್ಲ’ ಅಂತ ಹತ್ತು ನಿಮಿಷದಲ್ಲಿ ಊರೇ ಆಡಿಟ್ ಮುಗಿಸುತ್ತೆ. ಸಂಖ್ಯೆಯನ್ನ ಪರೀಕ್ಷೆ ಮಾಡೋ ಶಕ್ತಿ ಊರಿಗಿಲ್ಲ, ಹೆಸರನ್ನ ಪರೀಕ್ಷೆ ಮಾಡೋ ಶಕ್ತಿ ಊರಿಗೆ ಬಿಟ್ಟು ಬೇರೆ ಯಾರಿಗೂ ಇಲ್ಲ.

ಈ ಮಾತು ನಮ್ಮದಲ್ಲ. ಮಾಹಿತಿ ಹಕ್ಕು ಹುಟ್ಟಿದ್ದೇ ಹೀಗೆ.

ರಾಜಸ್ಥಾನದ ನಡುಭಾಗದಲ್ಲಿ 1990ರ ಮೇ 1ರಂದು ಕೂಲಿಕಾರರು, ಸಣ್ಣ ರೈತರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅಂತ ಮಾಡಿಕೊಂಡರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅದರಲ್ಲಿದ್ದರು. ಅಲ್ಲಿನ ನೆಲ ನಮ್ಮ ಕೂಡ್ಲಿಗಿ ಕಡೆಯ ನೆಲದ ಹಾಗೇ. ಮಳೆ ಕಡಿಮೆ, ಬರ ಬಂದರೆ ಸರ್ಕಾರದ ಬರ ಕಾಮಗಾರಿಯ ಕೂಲಿಯೇ ಗತಿ. ಆ ಕೂಲಿ ಪೂರ್ತಿ ಸಿಗುತ್ತಿರಲಿಲ್ಲ. ಕೇಳಿದರೆ ‘ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗಿದೆ’ ಅನ್ನೋರು. ದಾಖಲೆ ತೋರಿಸಿ ಅಂದರೆ ‘ಅದು ಸರ್ಕಾರಿ ರಹಸ್ಯ’.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಅನ್ನೋ ಊರಲ್ಲಿ ಸಂಘಟನೆಯವರು ಮೊದಲ ‘ಜನ ಸುನ್ವಾಯಿ’, ಅಂದರೆ ಜನರ ವಿಚಾರಣೆ ನಡೆಸಿದರು. ಹೇಗೋ ಸಿಕ್ಕ ಹಾಜರಿ ಪಟ್ಟಿ, ಬಿಲ್ಲುಗಳನ್ನ ಜನರ ಮುಂದೆ ಓದಿದರು. ಯಾರ ಹೆಸರಲ್ಲಿ ಎಷ್ಟು ದಿನದ ಕೂಲಿ ಎತ್ತಿದ್ದಾರೆ ಅಂತ ಓದುತ್ತಿದ್ದಂಗೆ ‘ನಾನು ಆ ಕೆಲಸಕ್ಕೆ ಹೋಗೇ ಇಲ್ಲ’ ಅಂತ ಜನ ಎದ್ದು ನಿಂತರು. ಮುಂದಿನ ಸಭೆಗಳಲ್ಲೂ ಅದೇ ಕಥೆ. ಕೆಲಸ ಮಾಡದವರ ಹೆಸರಲ್ಲಿ ಕೂಲಿ, ಇಲ್ಲದ ಕಟ್ಟಡಕ್ಕೆ ಬಿಲ್ಲು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’ ಅನ್ನೋ ಕೂಗು ಅಲ್ಲಿಂದ ಬಂದದ್ದು. ನಮ್ಮ ದುಡ್ಡು, ನಮ್ಮ ಲೆಕ್ಕ.

ಪತ್ರಿಕೆಯ ತುಂಡು ಹಿಡಿದು ಕೂತವರು

ಇಲ್ಲಿಂದ ಪತ್ರಕರ್ತರ ಪಾತ್ರ ಶುರುವಾಗುತ್ತೆ. ಈ ಭಾಗವನ್ನ ಸ್ವಲ್ಪ ಉದ್ದ ಹೇಳ್ತೀವಿ, ಯಾಕಂದ್ರೆ ಸಣ್ಣ ಪೇಟೆಯ ಪತ್ರಿಕೆಯೊಂದು ಏನು ಮಾಡಬಹುದು ಅನ್ನೋದು ಇದರಲ್ಲಿದೆ.

1995ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಆಗಿನ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ, ಪಂಚಾಯಿತಿ ಕಾಮಗಾರಿಗಳ ದಾಖಲೆಯನ್ನ ಜನ ನೋಡಬಹುದು, ನಕಲು ಪಡೀಬಹುದು ಅಂದರು. ‘ದೈನಿಕ್ ನವಜ್ಯೋತಿ’ ಅನ್ನೋ ಹಿಂದಿ ಪತ್ರಿಕೆ ಅದನ್ನ ಅಚ್ಚು ಹಾಕಿತು. ಆಮೇಲೆ ಯಾವ ಆದೇಶವೂ ಬರಲಿಲ್ಲ. ಕಚೇರಿಗೆ ಹೋದವರಿಗೆ ‘ನಮಗೇನೂ ಲಿಖಿತವಾಗಿ ಬಂದಿಲ್ಲ’ ಅನ್ನೋ ಉತ್ತರ. ಸಂಘಟನೆಯವರ ಕೈಯಲ್ಲಿ ಇದ್ದದ್ದು ಆ ಪತ್ರಿಕೆಯ ತುಂಡು ಮಾತ್ರ. ಸುದ್ದಿ ಅಚ್ಚಾಗಿ ಸರಿಯಾಗಿ ಒಂದು ವರ್ಷಕ್ಕೆ, 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಹತ್ತಿರ ಧರಣಿ ಕೂತರು. ‘ಮುಖ್ಯಮಂತ್ರಿ ಹೇಳಿದ ಮಾತು ಇಲ್ಲಿದೆ, ಆದೇಶ ಎಲ್ಲಿದೆ?’ ಅನ್ನೋದಷ್ಟೇ ಅವರ ಪ್ರಶ್ನೆ.

ಬ್ಯಾವರ್ ವ್ಯಾಪಾರದ ಊರು. ನಲವತ್ತು ದಿನ ನಡೆದ ಆ ಧರಣಿಗೆ ತರಕಾರಿ ಮಾರುವವರು ತರಕಾರಿ ಕೊಟ್ಟರು, ಪೇಟೆಯ ಜನ ಚಂದಾ ಹಾಕಿದರು. ಹಳ್ಳಿಯ ಕೂಲಿ ಲೆಕ್ಕ ಕೇಳೋಕೆ ಬಂದವರ ಜೊತೆ ಅಂಗಡಿಯವರು ಯಾಕೆ ನಿಂತರು ಅಂದ್ರೆ, ಕಚೇರಿಗೆ ಅಲೆಯೋ ಕಷ್ಟ ಅವರಿಗೂ ಗೊತ್ತಿತ್ತು. ‘ಜನಸತ್ತಾ’ದ ಪ್ರಭಾಷ್ ಜೋಶಿ ದಿಲ್ಲಿಯಿಂದ ಅಲ್ಲಿಗೆ ಬಂದು ಕೂತರು, ಬರೆದರು. ನಿಖಿಲ್ ಚಕ್ರವರ್ತಿ, ಕುಲದೀಪ್ ನಯ್ಯರ್‌ ಅವರಂಥ ಹಿರಿಯ ಪತ್ರಕರ್ತರೂ ಬೆಂಬಲಕ್ಕೆ ನಿಂತರು. ಅದೇ ವರ್ಷ ಕಾರ್ಯಕರ್ತರು, ಪತ್ರಕರ್ತರು, ವಕೀಲರು, ನಿವೃತ್ತ ಅಧಿಕಾರಿಗಳು ಸೇರಿ ಜನರ ಮಾಹಿತಿ ಹಕ್ಕಿನ ರಾಷ್ಟ್ರೀಯ ಅಭಿಯಾನ, ಅಂದರೆ ಎನ್‌ಸಿಪಿಆರ್‌ಐ ಕಟ್ಟಿದರು. ಮಾಹಿತಿ ಹಕ್ಕಿನ ಕರಡು ಮಸೂದೆಯನ್ನ ಬರೆದುಕೊಟ್ಟದ್ದು ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅಧ್ಯಕ್ಷರಾಗಿದ್ದ ಭಾರತೀಯ ಪತ್ರಿಕಾ ಮಂಡಳಿ. ಕಾಯ್ದೆಯ ಮೊದಲ ಕರಡು ಪತ್ರಿಕಾ ಮಂಡಳಿಯಿಂದ ಬಂತು ಅನ್ನೋದು ನಮ್ಮಲ್ಲಿ ಎಷ್ಟೋ ವರದಿಗಾರರಿಗೂ ಗೊತ್ತಿಲ್ಲ.

ಅಲ್ಲಿಂದ 2005ರವರೆಗಿನ ಕಥೆ ದೊಡ್ಡದು, ಇಲ್ಲಿ ಬೇಡ. ಕರ್ನಾಟಕ ಕೇಂದ್ರಕ್ಕೆ ಕಾಯಲಿಲ್ಲ ಅನ್ನೋದನ್ನ ಮಾತ್ರ ಹೇಳಬೇಕು. ನಮ್ಮ ರಾಜ್ಯ 2000ದಲ್ಲೇ ಸ್ವಂತ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು, ನಿಯಮ ಬಂದದ್ದು 2002ರಲ್ಲಿ. ಬೆಂಗಳೂರಿನಲ್ಲಿ ಅದನ್ನ ಬಳಸಿ ನೋಡೋಕೆ, ಜನರಿಗೆ ಕಲಿಸೋಕೆ ‘ಕ್ರಿಯಾ ಕಟ್ಟೆ’ ಅನ್ನೋ ವೇದಿಕೆಯೂ ಇತ್ತು.

ಕೆಂಪು ಧೂಳಿನ ಕಾಲ

ನಮ್ಮ ಕಡೆ ಪಟ್ಟಿಯ ಬಲ ಕಂಡದ್ದು ಗಣಿಯ ವಿಷಯದಲ್ಲಿ. ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಅದಿರಿನ ಲಾರಿ ಸಾಲುಗಟ್ಟಿ ನಿಲ್ಲುತ್ತಿದ್ದದ್ದು, ಕೆಂಪು ಧೂಳು ಬೆಳೆ ಮೇಲೆ ಕೂರುತ್ತಿದ್ದದ್ದು ಮೂವತ್ತು ದಾಟಿದ ಎಲ್ಲರಿಗೂ ನೆನಪಿದೆ. ಲಾರಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕಣ್ಣಿಗೆ ಬೀಳದಿದ್ದದ್ದು ಅದರ ಪರ್ಮಿಟ್ಟು. ಆ ಅದಿರು ಯಾರ ಗಣಿಯದ್ದು, ಪರ್ಮಿಟ್ ಯಾರ ಹೆಸರಲ್ಲಿದೆ, ಸಹಿ ಯಾರದ್ದು ಅನ್ನೋದು ಕಚೇರಿಯೊಳಗಿತ್ತು.

ಪತ್ರಿಕೆಗಳು ಬರೆದವು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಒಂದು, 2011ರ ಜುಲೈ 27ರಂದು ಇನ್ನೊಂದು ವರದಿ ಕೊಟ್ಟರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟು, ಬ್ಯಾಂಕ್ ಖಾತೆ, ಕಂಪ್ಯೂಟರ್ ಕಡತಗಳನ್ನ ಹೋಲಿಸಿ ನೋಡಿದ್ದು ಆ ವರದಿಯ ಬೆನ್ನೆಲುಬು. ಎರಡೇ ದಿನದಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆ ವರದಿಯಲ್ಲಿ ಬರೀ ಟನ್ ಲೆಕ್ಕ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಅದರಲ್ಲಿ ಕಂಪನಿಗಳ ಹೆಸರಿತ್ತು, ಅಧಿಕಾರಿಗಳ ಹೆಸರಿತ್ತು. ಪತ್ರಿಕೆಗಳು ದಿನಗಟ್ಟಲೆ ಅಚ್ಚು ಹಾಕಿದ್ದು ಆ ಹೆಸರುಗಳನ್ನೇ.

ಅದು ದೊಡ್ಡವರ ಹೋರಾಟ, ಸುಪ್ರೀಂ ಕೋರ್ಟು, ಲೋಕಾಯುಕ್ತ ಎಲ್ಲ ಇತ್ತು ಅನ್ನಬಹುದು. ನಿಜ. ತಾಲೂಕು ಮಟ್ಟದಲ್ಲಿ ಯಾರಿರುತ್ತಾರೆ? ಅರ್ಜಿ ಹಾಕೋ ಒಬ್ಬರು ಇಬ್ಬರು ಇರ್ತಾರೆ. ಬರೆಯೋ ಒಬ್ಬ ವರದಿಗಾರ ಇರ್ತಾನೆ, ಅವನ ಪತ್ರಿಕೆ ಅಥವಾ ತಾಣ ನಡೆಯೋದು ಹುಟ್ಟುಹಬ್ಬದ ಜಾಹೀರಾತಿನ ಮೇಲೆ, ಜಾಹೀರಾತು ಕೊಡುವವರು ಯಾರು ಅನ್ನೋದೂ ಊರಿಗೆ ಗೊತ್ತು. ನಮ್ಮನ್ನೂ ಸೇರಿಸಿಯೇ ಹೇಳ್ತಿದೀವಿ. ಅರ್ಜಿದಾರ ಒಬ್ಬನೇ ಇದ್ದರೆ ‘ಇವನಿಗೆ ಬೇರೆ ಕೆಲಸ ಇಲ್ಲ’ ಅಂತಾರೆ. ವರದಿಗಾರ ಒಬ್ಬನೇ ಬರೆದರೆ ‘ದಾಖಲೆ ಎಲ್ಲಿದೆ’ ಅಂತಾರೆ. ಇಬ್ಬರೂ ಸೇರಿ ಪಟ್ಟಿ ತಂದರೂ, ‘ಹೌದು, ಇದರಲ್ಲಿ ನನ್ನ ಹೆಸರೈತಿ, ನನಗ ರೊಕ್ಕ ಬಂದಿಲ್ಲ’ ಅಂತ ಎದ್ದು ನಿಲ್ಲೋ ಊರವರು ಇಲ್ಲದಿದ್ದರೆ ಆ ಪಟ್ಟಿ ಬರೀ ಕಾಗದ.

ಅಪಾಯ ಇಲ್ಲ ಅಂತ ಹೇಳಲ್ಲ

ಬೆಂಗಳೂರಿನಲ್ಲಿ ‘ಮಹಾಪ್ರಚಂಡ’ ಪತ್ರಿಕೆಯ ಸಂಪಾದಕರೂ ಮಾಹಿತಿ ಹಕ್ಕು ಕಾರ್ಯಕರ್ತರೂ ಆಗಿದ್ದ ಲಿಂಗರಾಜು ಅವರನ್ನ 2012ರ ನವೆಂಬರ್‌ನಲ್ಲಿ ಕೊಂದರು. ದೂರದ ಬೆಂಗಳೂರು ಯಾಕೆ, ನಮ್ಮ ಹರಪನಹಳ್ಳಿ ಪಟ್ಟಣದಲ್ಲೇ 2021ರ ಜುಲೈನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತರೊಬ್ಬರ ಕೊಲೆ ಆಯಿತು. ಒಬ್ಬನೇ ಅರ್ಜಿ ಹಾಕಿ, ಒಬ್ಬನೇ ಕಚೇರಿಗೆ ಅಲೆದು, ಒಬ್ಬನೇ ದಾಖಲೆ ಇಟ್ಟುಕೊಳ್ಳೋದು ಸುರಕ್ಷಿತ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ. ಅರ್ಜಿಯನ್ನ ನಾಲ್ಕೈದು ಜನ ಬೇರೆ ಬೇರೆ ಹೆಸರಲ್ಲಿ ಹಾಕೋದು, ಬಂದ ದಾಖಲೆಯ ನಕಲನ್ನ ಅದೇ ದಿನ ಇನ್ನಿಬ್ಬರಿಗೆ ಕೊಡೋದು, ಸುದ್ದಿಯಾಗಿ ಬೇಗ ಹೊರಗೆ ಹಾಕೋದು ಜಾಣತನ. ಹತ್ತು ಜನರ ಹತ್ತಿರ ಇರೋ ಕಾಗದಕ್ಕೋಸ್ಕರ ಒಬ್ಬನನ್ನ ಹೆದರಿಸಿ ಪ್ರಯೋಜನ ಇಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಅಂಗಡಿಯವರು ನಗ್ತಾರೆ. ‘ಆರ್‌ಟಿಐ ಹಾಕ್ತೀನಿ’ ಅನ್ನೋದನ್ನೇ ದಂಧೆ ಮಾಡಿಕೊಂಡವರು ಎಲ್ಲಾ ತಾಲೂಕಲ್ಲೂ ಇದ್ದಾರೆ, ಕೊರಳಿಗೆ ಪ್ರೆಸ್ ಕಾರ್ಡ್ ಹಾಕಿಕೊಂಡವರೂ ಇದ್ದಾರೆ. ಕಟ್ಟಡದ ಲೈಸೆನ್ಸ್ ಕಾಪಿ ತೆಗೆಸಿ, ಮನೆ ಕಟ್ಟುವವರ ಹತ್ತಿರ ಹೋಗಿ ಕೂರುವವರು. ನನ್ನ ಪರಿಚಯದ ಒಬ್ಬ ಅಂಗಡಿಯವರು ಇಂಥ ಒಬ್ಬರಿಗೆ ದುಡ್ಡು ಕೊಟ್ಟು ಕಳಿಸಿದ್ದನ್ನ ನಾನೇ ನೋಡಿದ್ದೇನೆ, ಆ ದಿನ ನನಗೂ ತಲೆ ತಗ್ಗಿಸಬೇಕಾಯಿತು. ಇವರಿಗೂ ನಿಜವಾಗಿ ಕೇಳುವವರಿಗೂ ವ್ಯತ್ಯಾಸ ಗುರುತಿಸೋದು ಸುಲಭ. ತಂದ ದಾಖಲೆಯನ್ನ ಊರ ಮುಂದೆ ಇಡುತ್ತಾರಾ, ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಾರಾ ಅಂತ ನೋಡಿದರೆ ಸಾಕು.

ಹೊಸ ಸಾಲಿನ ಎದುರು ಏನು ಹೇಳಬೇಕು

ತಿದ್ದುಪಡಿಯನ್ನ ಎನ್‌ಸಿಪಿಆರ್‌ಐ ವಿರೋಧಿಸಿತು, ಸಂಪಾದಕರ ಸಂಘಟನೆಯಾದ ಎಡಿಟರ್ಸ್ ಗಿಲ್ಡ್ ಕೂಡ ಆತಂಕ ಹೇಳಿತು. ಗಿಲ್ಡ್‌ನ ಆತಂಕಕ್ಕೆ ಇನ್ನೊಂದು ಕಾರಣ ಇತ್ತು. 2018ರ ಶ್ರೀಕೃಷ್ಣ ಸಮಿತಿಯ ಕರಡಿನಲ್ಲಿ ಪತ್ರಿಕಾ ಕೆಲಸಕ್ಕೆ ವಿನಾಯಿತಿ ಇತ್ತು, 2023ರ ಕಾಯ್ದೆಯಲ್ಲಿ ಅದಿಲ್ಲ. ದತ್ತಾಂಶ ಇಟ್ಟುಕೊಂಡವರ ಮೇಲಿನ ಮುಖ್ಯ ಕಟ್ಟುಪಾಡುಗಳು ನಿಯಮ ಬಂದ 18 ತಿಂಗಳ ನಂತರ ಜಾರಿಯಾಗಲಿವೆ, ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಇದೆ. ಹೆಸರು ಪ್ರಕಟಿಸೋ ತಾಲೂಕು ಪತ್ರಿಕೆಗೆ ಆ ಅಂಕಿ ಕೇಳಿದರೇ ಕೈ ನಡುಗುತ್ತೆ. ಸರ್ಕಾರದ ಕಡೆಯಿಂದ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2025ರಲ್ಲಿ ಹೇಳಿದ್ದು, ಬೇರೆ ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ಮಾಹಿತಿ ಮುಂದೆಯೂ ಸಿಗುತ್ತೆ ಅಂತ.

ಸಚಿವರ ಈ ಮಾತು ನಮಗೆ ಉಪಯೋಗಕ್ಕೆ ಬರುತ್ತೆ. ಯಾಕಂದ್ರೆ ಮಾಹಿತಿ ಹಕ್ಕಿನ ಕಲಂ 4 ಇನ್ನೂ ಹಾಗೇ ಇದೆ. ಯಾರೂ ಅರ್ಜಿ ಹಾಕದೇ ಇದ್ದರೂ ಪ್ರತಿ ಕಚೇರಿ ತಾನೇ ಪ್ರಕಟಿಸಬೇಕಾದ 17 ವಿಷಯ 4(1)(ಬಿ)ಯಲ್ಲಿವೆ. ಅದರಲ್ಲಿ ಹನ್ನೆರಡನೆಯದು ಸಬ್ಸಿಡಿ ಯೋಜನೆಗಳ ಹಣ ಮತ್ತು ಫಲಾನುಭವಿಗಳ ವಿವರ. ಹದಿಮೂರನೆಯದು ರಿಯಾಯಿತಿ, ಪರವಾನಗಿ ಪಡೆದವರ ವಿವರ. ದತ್ತಾಂಶ ಕಾಯ್ದೆಯ ಕಲಂ 3 ಕೂಡ, ಕಾನೂನಿನ ಪ್ರಕಾರ ಸಾರ್ವಜನಿಕಗೊಳಿಸಬೇಕಾದ ಮಾಹಿತಿಗೆ ತಾನು ಅನ್ವಯಿಸಲ್ಲ ಅನ್ನುತ್ತೆ. ಹಾಗಾಗಿ ಅರ್ಜಿಯಲ್ಲಿ ‘ಪಟ್ಟಿ ಕೊಡಿ’ ಅಂತ ಮಾತ್ರ ಬರೆಯೋ ಬದಲು ‘ಕಲಂ 4(1)(ಬಿ)(12)ರಂತೆ ತಮ್ಮ ಕಚೇರಿ ಪ್ರಕಟಿಸಬೇಕಾದ ಫಲಾನುಭವಿಗಳ ವಿವರದ ದೃಢೀಕೃತ ನಕಲು’ ಅಂತ ಬರೆಯಿರಿ. ಪುರಸಭೆ ಮಳಿಗೆ ಹರಾಜಿನಲ್ಲಿ ಹಿಡಿದವರು ಯಾರು, ಬಾಡಿಗೆ ಎಷ್ಟು, ಒಳಗೆ ವ್ಯಾಪಾರ ಮಾಡ್ತಿರೋರು ಯಾರು ಅಂತ ಗೊತ್ತಾಗಬೇಕಾದ ಅಂಗಡಿಯವರು ಹದಿಮೂರನೆಯದನ್ನ ಹಿಡಿಯಬಹುದು.

ಕಚೇರಿಯವರು ‘ಪಟ್ಟಿಯಲ್ಲಿ ಆಧಾರ್ ನಂಬರ್ ಐತ್ರಿ, ಬ್ಯಾಂಕ್ ಖಾತೆ ಐತ್ರಿ’ ಅಂದರೆ ಅದು ನ್ಯಾಯವೇ. ಅದನ್ನ ನಮಗೆ ಕೊಡಬೇಕಾಗಿಲ್ಲ, ನಾವು ಕೇಳಲೂ ಬಾರದು. ಅದಕ್ಕೇ ಕಲಂ 10 ಇದೆ: ಕೊಡಬಾರದ ಭಾಗವನ್ನ ಮಸಿ ಬಳಿದು ಉಳಿದದ್ದು ಕೊಡಬೇಕು. ಆಧಾರ್, ಖಾತೆ, ಫೋನ್ ಅಳಿಸಿ. ಹೆಸರು, ಊರು, ಮೊತ್ತ ಬಿಡಿ ಅಂತ ಅರ್ಜಿಯಲ್ಲೇ ಬರೆದುಬಿಟ್ಟರೆ ಅರ್ಧ ಜಗಳ ಮುಗಿಯುತ್ತೆ. ಇನ್ನೂ ಒಂದು ಉಳಿದಿದೆ. 8(2)ನೇ ಕಲಂ ತಿದ್ದಿಲ್ಲ. ಗುಟ್ಟಾಗಿಡೋದಕ್ಕಿಂತ ಬಹಿರಂಗ ಮಾಡೋದರಲ್ಲಿ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಅಂತ ಅದು ಹೇಳುತ್ತೆ. ಮೊದಲು ಹಿತ ಇದ್ದರೆ ಕೊಡಬೇಕಿತ್ತು, ಈಗ ಕಚೇರಿಗೆ ಮನಸ್ಸಿದ್ದರೆ ಕೊಡಬಹುದು ಅನ್ನೋ ಹಾಗಾಗಿದೆ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ.

ಅರ್ಜಿ ಬರೆಯೋದು ಹಳೆಯ ಪದ್ಧತಿಯೇ. ಶುಲ್ಕ ಹತ್ತು ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ, ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಬಿಪಿಎಲ್‌ನವರಿಗೆ ಅರ್ಜಿ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಇದನ್ನ ಮರೆತೇ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. ‘ಯಾಕೆ ಕೇಳ್ತೀರಿ’ ಅಂತ ಕಾರಣ ಕೇಳುವ ಹಕ್ಕು ಅವರಿಗಿಲ್ಲ. 30 ದಿನದಲ್ಲಿ ಉತ್ತರ ಬರಬೇಕು, ತಡವಾದರೆ ನಕಲು ಉಚಿತ. ನಿರಾಕರಿಸಿದರೆ ಯಾವ ಕಲಂ, ಯಾಕೆ, ಮೇಲ್ಮನವಿ ಯಾರಿಗೆ ಅಂತ ಬರೆದು ಕೊಡಬೇಕು. ಮೊದಲ ಮೇಲ್ಮನವಿ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ, ನಮ್ಮ ಭಾಗಕ್ಕೆ ಕಲಬುರಗಿಯಲ್ಲಿ ಅದರ ಪೀಠ ಇದೆ. ತಪ್ಪು ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಆಯೋಗದಲ್ಲಿ ಬೇಗ ಆಗುತ್ತೆ ಅಂತ ಮಾತ್ರ ನಂಬಬೇಡಿ. ಸತರ್ಕ್ ನಾಗರಿಕ್ ಸಂಘಟನ್ 2025ರ ಮಧ್ಯದವರೆಗಿನ ಲೆಕ್ಕ ತೆಗೆದಾಗ ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ ಬಾಕಿ ಇದ್ದವು. ಅದಕ್ಕೇ ಅರ್ಜಿಯನ್ನೇ ಗಟ್ಟಿಯಾಗಿ ಬರೆಯೋದು ಒಳ್ಳೆಯದು.

ನಕಲಿಗಿಂತ ಕೆಲವು ಸಲ ಹೋಗಿ ನೋಡೋದೇ ಲಾಭ. ಕಡತ ಪರಿಶೀಲನೆ ಮಾಡೋಕೆ, ನಡೆಯುತ್ತಿರೋ ಕಾಮಗಾರಿ ನೋಡೋಕೆ, ಸಾಮಗ್ರಿಯ ಮಾದರಿ ತೆಗೆದುಕೊಳ್ಳೋಕೂ ಕಾಯ್ದೆಯಲ್ಲಿ ಅವಕಾಶ ಇದೆ. ಕೂಡ್ಲಿಗಿಯ 74 ಕೆರೆ ತುಂಬಿಸೋ ಯೋಜನೆಯ ಅಂದಾಜು ಪಟ್ಟಿ, ಅಳತೆ ಪುಸ್ತಕವನ್ನ ಕೆರೆ ಕೆಳಗಿನ ರೈತರೇ ಒಮ್ಮೆ ಕೂತು ನೋಡಿದರೆ ಪೈಪು ಎಲ್ಲಿವರೆಗೆ ಬಂದಿರಬೇಕಿತ್ತು ಅಂತ ಅವರಿಗೇ ಗೊತ್ತಾಗುತ್ತೆ.

‘ಆ ಫೈಲ್ ದಾವಣಗೆರೆಯಾಗ ಐತಿ’

ನಮ್ಮ ತಾಲೂಕುಗಳಿಗೆ ಮಾತ್ರ ಇರೋ ಒಂದು ತಾಪತ್ರಯ ಇದೆ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾಗಿದ್ದು ಇತ್ತೀಚೆಗೆ. ಹಡಗಲಿ, ಹಗರಿಬೊಮ್ಮನಹಳ್ಳಿಯ ಜಿಲ್ಲಾ ಮಟ್ಟದ ಹಳೆ ಕಡತಗಳಿಗೂ ಬಳ್ಳಾರಿಯ ನಂಟು ತಪ್ಪಿದ್ದಲ್ಲ. ಹಾಗಾಗಿ ‘ಆ ಫೈಲ್ ನಮ್ಮ ಹತ್ರ ಇಲ್ರಿ, ಅಲ್ಲಿ ಕೇಳ್ರಿ’ ಅನ್ನೋದು ಇಲ್ಲಿ ಸುಲಭದ ಉತ್ತರ.

ಅಂಥ ಉತ್ತರ ಬಂದರೆ ಕಲಂ 6(3) ನೆನಪಿಡಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸೋದು ಅವರ ಕೆಲಸ, ನೀವು ದಾವಣಗೆರೆಗೆ ಬಸ್ ಹತ್ತಬೇಕಾಗಿಲ್ಲ. ಅರ್ಜಿಯ ಕೊನೆಗೆ ‘ಮಾಹಿತಿ ತಮ್ಮಲ್ಲಿ ಇಲ್ಲದಿದ್ದರೆ 6(3)ರಂತೆ ವರ್ಗಾಯಿಸಿ’ ಅಂತ ಒಂದು ಸಾಲು ಹಾಕಿಡಿ.

ಅರ್ಜಿ ಹಾಕೋ ಮೊದಲು ಫೋನಲ್ಲೇ ನೋಡಬಹುದಾದದ್ದೂ ಇದೆ. ರಾಜಸ್ಥಾನದಲ್ಲಿ ಅದೇ ಹಳೆಯ ಸಂಘಟನೆಗಳು ಸರ್ಕಾರದ ಜೊತೆ ಕೂತು ಮಾಡಿಸಿದ ‘ಜನ ಸೂಚನಾ’ ಪೋರ್ಟಲ್ 2019ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದರ ಮಾದರಿಯಲ್ಲೇ ಬಂದದ್ದು ನಮ್ಮ ರಾಜ್ಯದ ‘ಮಾಹಿತಿ ಕಣಜ’. ಹಲವು ಇಲಾಖೆಗಳ ಯೋಜನೆಯ ವಿವರ ಅದರಲ್ಲಿ ಊರುವಾರು ಸಿಗುತ್ತೆ, ಲಾಗಿನ್ ಬೇಕಿಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲೂಕಿನಲ್ಲಿ 223 ತಾಲೂಕು ಬರಪೀಡಿತ ಅಂತ ಘೋಷಣೆ ಆದಾಗ ‘ನಮಗ ಪರಿಹಾರ ಯಾಕ ಬಂದಿಲ್ಲ’ ಅಂತ ಕೇಳುವವರಿಗೆ ಊರುವಾರು ಹೆಸರಿರೋ ಪಟ್ಟಿಯೇ ಆಸರೆ. ಇಂಥ ಪುಟಗಳು ಇವತ್ತು ತೆರೆಯುತ್ತವೆ. ಹೆಸರಿರೋ ಪುಟ ಸಿಕ್ಕರೆ ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾಳೆ ಅದೇ ಪುಟದಲ್ಲಿ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಬಂದರೆ ಸುದ್ದಿ ಮಾಡೋಕೆ ನಮಗೂ ಅದು ಬೇಕು.

ಇನ್ನು ಅರ್ಜಿಯೂ ಬೇಡ, ಫೋನೂ ಬೇಡ ಅನ್ನೋರಿಗೆ ಜಮಾಬಂದಿ ಇದೆ. ಕರ್ನಾಟಕದ ಪಂಚಾಯತ್ ರಾಜ್ ಜಮಾಬಂದಿ ನಿಯಮದಂತೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪ್ರತಿ ಗ್ರಾಮ ಪಂಚಾಯಿತಿ ತನ್ನ ಹಿಂದಿನ ವರ್ಷದ ಲೆಕ್ಕ, ಕಾಮಗಾರಿಯ ಕಡತ ಎಲ್ಲವನ್ನ ಜನರ ಮುಂದೆ ಇಡಬೇಕು. ಕೋಟ್ ಕಿರಾನಾದಲ್ಲಿ ಜನ ಹೋರಾಡಿ ಮಾಡಿದ್ದನ್ನ ನಮ್ಮಲ್ಲಿ ಸರ್ಕಾರವೇ ಮಾಡಬೇಕು ಅಂತ ನಿಯಮ ಇದೆ ಅನ್ನೋದು ವಿಚಿತ್ರ. ಅದಕ್ಕಿಂತ ವಿಚಿತ್ರ ಅಂದ್ರೆ ಆ ದಿನ ಎಷ್ಟೋ ಕಡೆ ಕುರ್ಚಿ ಖಾಲಿ ಇರುತ್ತವೆ, ಸದಸ್ಯರು ನಾಲ್ಕು ಜನ ಸಹಿ ಹಾಕಿ ಚಹಾ ಕುಡಿದು ಎದ್ದರೆ ಜಮಾಬಂದಿ ಮುಗೀತು. ನಿಮ್ಮ ಪಂಚಾಯಿತಿಯ ಜಮಾಬಂದಿ ಯಾವತ್ತು ಅಂತ ಆಗಸ್ಟ್ ಮೊದಲ ವಾರದಲ್ಲೇ ಪಿಡಿಒ ಅವರನ್ನ ಕೇಳಿ. ಬರೆದು ಕೇಳಿದರೆ ಇನ್ನೂ ಒಳ್ಳೆಯದು. ದಿನ ಗೊತ್ತಾದ ಮೇಲೆ ನಮಗೂ ತಿಳಿಸಿ, ಐದೂ ತಾಲೂಕಿನಲ್ಲಿ ನಮ್ಮಿಂದ ಎಷ್ಟು ಕಡೆ ಆಗುತ್ತೋ ಅಷ್ಟು ಕಡೆ ಬಂದು ಕೂರ್ತೀವಿ.